ಉಪ್ಪುಂದದ ಮನೆಯ ಜೊತೆ ಹೋದ ಹೆಸರು

ನನ್ನ ನಾನಿಗೆ, ಅಂದರೆ ಅಮ್ಮನ ಅಮ್ಮನಿಗೆ, ಸ್ವರ್ಗ ತಪ್ಪಿಹೋಗುವ ಹೆದರಿಕೆ ಶುರುವಾದದ್ದು ಒಂದೇ ಒಂದು ಹೆಸರಿನಿಂದ. ಅಲ್ಲಾಹನಿಗೆ ತೊಂಬತ್ತೊಂಬತ್ತು ಹೆಸರುಗಳಿವೆ, ಅವನ್ನು ಎಣಿಸಿ ಉಳಿಸಿಕೊಂಡವರು ಸ್ವರ್ಗ ಸೇರುತ್ತಾರೆ ಎಂಬ ಪ್ರವಾದಿಯವರ ಮಾತನ್ನು ಅವಳು ಲಂಗ ತೊಡುವ ವಯಸ್ಸಿನಲ್ಲೇ ಕೇಳಿದವಳು. ಓದು ಬಾರದಿದ್ದರೂ ತನ್ನ ತಾಯಿಯ ಬಾಯಿಂದ ಅಷ್ಟನ್ನೂ ಕಲಿತವಳು. ಈಗ ಎಪ್ಪತ್ತು ದಾಟಿದ ಮೇಲೆ ಎಷ್ಟು ಸಲ ಎಣಿಸಿದರೂ ತೊಂಬತ್ತೆಂಟೇ ಆಗುತ್ತಿತ್ತು.

"ಒಂದ್ ಎಲ್ಲೋ ಬಿದ್ ಹೋಯ್ತ್ ಮಗಾ. ಒಂದ್ ಕಡ್ಮಿ ಆರೆ ಒಳಗ್ ಬಿಡ್ತ್ರಾ?"

"ತೊಂಬತ್ತೆಂಟ್ ಅಂದ್ರೆ ಡಿಸ್ಟಿಂಕ್ಷನ್ ನಾನಿ."

"ಅದ್ ನಿನ್ನ ಕಾಲೇಜ್ ಅಲ್ಲ. ಬಾಯ್ ಮುಚ್ಚ್."

ಮನೆಯಲ್ಲಿ ನಮ್ಮದು ಉರ್ದು. ಆದರೆ ನಲವತ್ತು ವರ್ಷ ಬಟ್ಟೆ ಗಂಟು ಹೊತ್ತು ಊರೂರು ತಿರುಗಿದ ನಾನಿಗೆ ಬೈಯುವುದು, ಚೌಕಾಸಿ ಮಾಡುವುದು, ಬೇಸರಪಡುವುದು ಎಲ್ಲ ಕುಂದಾಪ್ರ ಕನ್ನಡದಲ್ಲೇ. ಗಂಗೊಳ್ಳಿಯಿಂದ ಹೊರಟು ತ್ರಾಸಿ, ನಾವುಂದ, ಉಪ್ಪುಂದ, ಬೈಂದೂರಿನವರೆಗೆ ಅವಳ ಗಿರಾಕಿಗಳು. ಬ್ಲೌಸ್ ಪೀಸು, ಒಳಲಂಗ, ನೈಟಿ. ಎಲ್ಲರಿಗೂ ಅವಳು ಬೂಬಮ್ಮ.

ಹೆಸರು ಎಲ್ಲಿ ಬಿತ್ತು ಎನ್ನುವುದೂ ಅವಳಿಗೆ ಗೊತ್ತಿತ್ತು. ಅವಳು ಹೆಸರುಗಳನ್ನು ನೆನಪಿಟ್ಟುಕೊಂಡದ್ದು ಮನೆಗಳ ಮೇಲೆ. ತ್ರಾಸಿಯ ಮೊದಲ ಅಂಗಳಕ್ಕೆ ಕಾಲಿಡುವಾಗ ಮೊದಲ ಹೆಸರು, ಪಕ್ಕದ ಮನೆಗೆ ಎರಡನೆಯದು. ಹೆಚ್ಚಿನವು ಸುಮ್ಮನೆ ಸಾಲಿನ ಪ್ರಕಾರ. ಕೆಲವು ಮಾತ್ರ ಆರಿಸಿ ಇಟ್ಟದ್ದು: ಯಾವಾಗ ಹೋದರೂ ಗಂಜಿಗೆ ಕೂರಿಸುತ್ತಿದ್ದ ಮನೆಗೆ ರಜ್ಜಾಕ್, ಅನ್ನ ಕೊಡುವವನು. ಊರಿನ ಜಗಳಗಳೆಲ್ಲ ತೀರ್ಮಾನವಾಗುತ್ತಿದ್ದ ಚಾವಡಿಗೆ ಹಕಮ್, ನ್ಯಾಯ ಹೇಳುವವನು. ಮಂಡಿನೋವಿನಿಂದ ವ್ಯಾಪಾರ ಬಿಟ್ಟ ಮೇಲೂ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿ, ಅದೇ ದಾರಿಯಲ್ಲಿ ನಡೆಯುತ್ತಿದ್ದಳು. ಆದರೆ ಉಪ್ಪುಂದದ ಹತ್ತಿರ ಹೆದ್ದಾರಿ ಅಗಲ ಮಾಡುವಾಗ ಒಂದು ಮನೆ ಹೋಗಿತ್ತು. ಮನೆಯ ಜೊತೆ ಹೆಸರೂ ಹೋಯಿತು.

"ಕಣ್ ಮುಚ್ಚಿ ಅಲ್ಲಿಗ್ ಹೋರೆ ಮನಿಯೇ ಕಾಂತಿಲ್ಲೆ. ಒಂದ್ ಲಾರಿ ಹೋತಾ ಇರತ್ತ್."

ನಾನು ಕುಂದಾಪುರದ ಕಾಲೇಜಿನ ಚರ್ಚಾ ತಂಡದಲ್ಲಿ ಮೂರು ವರ್ಷ ಇದ್ದವಳು. ಯಾವ ಪಕ್ಷ ಕೊಟ್ಟರೂ ಏಳು ನಿಮಿಷ ಮಾತಾಡಬಲ್ಲೆ. ದೇವರ ವಿಷಯದಲ್ಲಿ ಮಾತ್ರ ಯಾವ ಪಕ್ಷಕ್ಕೂ ಸೇರದೆ, ಎರಡೂ ಕಡೆಯವರ ಮಾತಿನಲ್ಲಿ ತೂತು ಹುಡುಕುವುದು ನನ್ನ ಹವ್ಯಾಸ. ಅಲ್ಲಾಹನ ಹೆಸರುಗಳ ವಿಷಯದಲ್ಲಿ ತೂತಿಗೆ ಬರವೇ ಇರಲಿಲ್ಲ. ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ವಾರಕ್ಕೊಂದು ಬರುತ್ತದೆ: ಈ ಹೆಸರನ್ನು ಇಷ್ಟು ಸಾವಿರ ಸಲ ಹೇಳಿದರೆ ವೀಸಾ ಸಿಗುತ್ತದೆ, ಆ ಹೆಸರನ್ನು ನೀರಿಗೆ ಊದಿ ಕುಡಿದರೆ ಗಣಿತ ಬರುತ್ತದೆ. ನಾನು ಕೆಳಗೆ ಪ್ರಶ್ನೆ ಹಾಕುತ್ತೇನೆ. ಬೈಂದೂರಿನ ಚಿಕ್ಕಮ್ಮ ಕೋಪದ ಮುಖ ಹಾಕುತ್ತಾರೆ.

ಅದೇ ಚಿಕ್ಕಮ್ಮನ ಮನೆಯ ಗೋಡೆಯಲ್ಲಿ ತೊಂಬತ್ತೊಂಬತ್ತು ಹೆಸರುಗಳ ಹೊಸ ಪಟ್ಟಿಯೊಂದು ತೂಗುತ್ತಿತ್ತು. ಅದರ ಫೋಟೋ ತೆಗೆದು ತಂದೆ. ನಾನಿ ಹೇಳುತ್ತಾ ಹೋಗುವುದು, ನಾನು ಗುರುತು ಹಾಕುತ್ತಾ ಹೋಗುವುದು, ಉಳಿದದ್ದೇ ಕಳೆದುಹೋದ ಹೆಸರು. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಆದರೆ ನಾನಿಯ ಹೆಸರುಗಳಲ್ಲಿ ಹತ್ತಕ್ಕಿಂತ ಹೆಚ್ಚು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿದ್ದ ಅಷ್ಟೇ ಹೆಸರುಗಳನ್ನು ನಾನಿ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ.

ನನಗೆ ಖುಷಿಯೋ ಖುಷಿ. ಫೈನಲ್‌ನಲ್ಲಿ ಎದುರಾಳಿಯ ಕೈಯಿಂದಲೇ ಆಧಾರ ಜಾರಿ ಬಿದ್ದ ಹಾಗೆ.

"ನಾನಿ, ನಿಮ್ಮವರ ಪಟ್ಟಿಯೇ ಒಂದಕ್ಕೊಂದು ಕೂಡಿ ಬತ್ತಿಲ್ಲೆ! ಯಾವ್ದ್ ಸರಿ ಅಂದೇಳಿ ಯಾರಿಗೂ ಗೊತ್ತಿಲ್ಲೆ. ಮತ್ತೆ ತೊಂಬತ್ತೆಂಟೋ ತೊಂಬತ್ತೊಂಬತ್ತೋ ಅಂದೇಳಿ ಎಂತಕ್ಕೆ ತಲೆಬಿಸಿ?"

ನಾನಿ ಚಪ್ಪಾಳೆ ತಟ್ಟಲಿಲ್ಲ. ಓದಲು ಬಾರದಿದ್ದರೂ ಫೋನನ್ನು ಕೈಗೆ ತೆಗೆದುಕೊಂಡು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಹಂಗಾರೆ ನಾನ್ ಇಷ್ಟ್ ವರ್ಷ ಯಾರನ್ನ್ ಕರ್ದದ್ದ್?"

ಮರುದಿನ ಬೆಳಿಗ್ಗೆ ಅವಳು ಜಗಲಿಯಲ್ಲಿ ಕೂತಳು, ಆದರೆ ಕಣ್ಣು ಮುಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಾನೇ ಆಟೋ ಕರೆಸಿ, ಅವಳನ್ನು ಮದರಸದ ಮೌಲಾನಾರ ಹತ್ತಿರ ಕರೆದುಕೊಂಡು ಹೋದೆ. ತಪ್ಪೊಪ್ಪಿಗೆಗೆ ಅಲ್ಲ, ವಾದಕ್ಕೆ. ಮೂರು ಅಂಶ ಚೀಟಿಯಲ್ಲಿ ಬರೆದುಕೊಂಡಿದ್ದೆ. ಮೌಲಾನಾ ಬೈಂದೂರಿನ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಚೀಟಿ ಕಂಡು ಕುರ್ಚಿ ಎಳೆದುಕೊಂಡು ಸರಿಯಾಗಿ ಕೂತರು.

"ಪಟ್ಟಿಗಳು ಬೇರೆ ಬೇರೆ ಇವೆ," ಎಂದು ನಾನು ಮೊದಲ ಬಾಣ ಬಿಟ್ಟೆ.

"ಇವೆ. ಸಾವಿರ ವರ್ಷದಿಂದ ಇವೆ. ನಿಂಗ್ ಇವತ್ ಗೊತ್ತಾಯ್ತಾ?"

ನಾನು ಎರಡನೆಯ ಅಂಶಕ್ಕೆಂದು ಚೀಟಿ ನೋಡಿದೆ. ಅವರು ನಾನಿಯ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಪ್ರವಾದಿಯವರ ಮಾತಿನಲ್ಲಿ ಖಚಿತವಾಗಿ ಇರುವುದು ಸಂಖ್ಯೆ. ಹೆಸರುಗಳನ್ನು ಒಂದೊಂದಾಗಿ ಸಾಲು ಹಿಡಿದು ಹೇಳಿದ್ದು ನಂತರದವರು ಸೇರಿಸಿದ್ದು ಎಂದು ಬಹಳ ವಿದ್ವಾಂಸರ ಅಭಿಪ್ರಾಯ. ಕುರ್‌ಆನಿನಿಂದ, ಪ್ರವಾದಿಯವರ ಮಾತುಗಳಿಂದ ಹುಡುಕಿ ಹುಡುಕಿ ಕೂಡಿಸುವಾಗ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಹೆಸರು ಅನ್ನಿಸಲಿಲ್ಲ. ನಮ್ಮ ಮನಸ್ಸಿಗೆ ತೋಚಿದ ಹೆಸರನ್ನು ಅವನಿಗೆ ಇಡುವ ಹಾಗಿಲ್ಲ, ಅಷ್ಟೇ.

"ಹಂಗಾರೆ ತೊಂಬತ್ತೊಂಬತ್ತೇ ಇಪ್ಪುದಾ?" ನಾನಿ ಕೇಳಿದಳು.

"ಬೂಬಮ್ಮ, ಮದ್ವಿಗೆ ಅಂದೇಳಿ ತೊಂಬತ್ತೊಂಬತ್ತ್ ಸೀರೆ ತೆಗ್ದಿಟ್ಟಿದೆ ಅಂದ್ರೆ ಅಂಗಡಿಲಿ ಇಪ್ಪುದೇ ಅಷ್ಟ್ ಅಂತಲ್ಲ ಅಲ್ದಾ? ಯಾರಿಗೂ ಹೇಳದೆ ತನ್ನ ಹತ್ರವೇ ಇಟ್ಕಂಡ ಹೆಸ್ರೂ ಅವನಿಗೆ ಇತ್ತ್."

ಬಟ್ಟೆ ವ್ಯಾಪಾರದ ಮಾತು ನಾನಿಗೆ ತಟ್ಟನೆ ಹಿಡಿಯಿತು. ಮೌಲಾನಾ ಇನ್ನೂ ಹೇಳಿದರು: ಎಣಿಸಿ ಉಳಿಸಿಕೊಳ್ಳುವುದು ಅಂದರೆ ಬಾಯಿಪಾಠ ಮಾತ್ರ ಅಲ್ಲ, ಅರ್ಥ ತಿಳಿದು, ಆ ಹೆಸರಿನಿಂದ ಅವನನ್ನು ಕರೆದು, ಅದಕ್ಕೆ ತಕ್ಕ ಹಾಗೆ ಬದುಕುವುದು. ಕ್ಷಮೆ ಬೇಕಾದಾಗ ಕ್ಷಮಿಸುವವನೇ ಎಂದು ಕರೆಯುವುದು ಸರಿ. ಇಂತಿಷ್ಟು ಸಾವಿರ ಸಲಕ್ಕೆ ವೀಸಾ ಎನ್ನುವುದಕ್ಕೆ ಆಧಾರ ಇಲ್ಲ. ನಾನು ಆ ಸಾಲನ್ನು ಚಿಕ್ಕಮ್ಮನಿಗೆಂದು ಬರೆದುಕೊಂಡೆ.

ಮನೆಗಳ ಕಥೆ ಕೇಳಿ ಅವರು ಜೋರಾಗಿ ನಕ್ಕರು. "ನೆನಪಿಗೆ ಆರೆ ಅಡ್ಡಿಲ್ಲೆ. ಆರೆ ಗಂಜಿ ಕೊಟ್ಟವ್ರ್ ಕೊಡುದೂ ಅವನ್ ಕೊಡುದೂ ಒಂದೇ ಅಂದೇಳಿ ತಿಳ್ಕಂಬುದ್ ಬೇಡ. ಅವನ ಹಾಂಗೆ ಯಾರೂ ಇಲ್ಲೆ. ನಿಮ್ದ್ ಹಳೆ ಪಟ್ಟಿ, ನನ್ನ ಹತ್ರ ಇತ್ತ್. ಬಿದ್ ಹೋದ್ದ್ ಯಾವ್ದ್ ಅಂದೇಳಿ ಈಗ್ಲೇ ಹೇಳ್ತೆ."

ನಾನಿ ಎರಡೂ ಕೈ ಎತ್ತಿದಳು. "ಬೇಡ, ಬೇಡ! ಅದ್ ಕಾಪಿ ಹೊಡ್ದಾಂಗ್ ಆತ್ತ್."

ಆಟೋ ಹತ್ತುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಉಪ್ಪುಂದದ ಮನಿಯವ್ರ್ ಈಗ ಎಲ್ಲಿದ್ರ್?"

ಬ್ರಹ್ಮಾವರದಲ್ಲಿದ್ದರು. ಅವರ ಹಳೆಯ ನೆರೆಮನೆಯವರಿಂದ ವಿಳಾಸ ಸಿಕ್ಕಿತು. ಭಾನುವಾರ ಬೆಳಿಗ್ಗೆ ಕುಂದಾಪುರದಲ್ಲಿ ಬಸ್ಸು ಬದಲಿಸಿ ಹೊರಟೆವು. ದಾರಿಯುದ್ದಕ್ಕೂ ನಾನಿ ಆ ಮನೆಯಾಕೆಯ ಗುಣಗಾನ ಮಾಡಿದಳು. ಗಂಟು ಪೂರ್ತಿ ಬಿಚ್ಚಿಸುತ್ತಿದ್ದಳಂತೆ, ಒಂದೊಂದು ಪೀಸನ್ನೂ ಬೆಳಕಿಗೆ ಹಿಡಿಯುತ್ತಿದ್ದಳಂತೆ, ಕೊನೆಗೆ "ಇನ್ನೊಂದ್ ಸಲ ಕಾಂಬ" ಎಂದು ಎದ್ದು ಒಳಗೆ ಹೋಗುತ್ತಿದ್ದಳಂತೆ.

"ಮತ್ತೆ ಅವಳ ಮನೆಗೆ ಯಾಕೆ ಹೋಗ್ತಿದ್ದೆ?"

"ಹೋಗ್ದಿರೆ ಒಂದ್ ಹೆಸ್ರ್ ಬಿಟ್ ಹೋತಿತ್ತಲ್ಲೆ, ಮಾರಾಯ್ತಿ!"

ಹೊಸ ಮನೆಯ ಗೇಟು ತೆರೆದ ಆಕೆ ನಾನಿಯಷ್ಟೇ ವಯಸ್ಸಿನವರು. ಒಂದು ಕ್ಷಣ ದಿಟ್ಟಿಸಿದರು.

"ಹ್ವಾಯ್, ಬೂಬಮ್ಮ ಅಲ್ದಾ! ಎಂತ ಮಾರ್ರೆ, ಗಂಟ್ ಎಲ್ಲಿ?"

"ಗಂಟ್ ತಂದ್ರೆ ನೀವ್ ತಕಂತಿದ್ರ್ಯಾ?"

"ಕಾಂಬುಕೆ ಆಯ್ತಿತ್ತಲ್ಲೆ!"

ಇಬ್ಬರೂ ಕೈ ಹಿಡಿದು ನಕ್ಕು, ಕಣ್ಣೊರೆಸಿಕೊಂಡು, ಮಂಡಿನೋವು, ಶುಗರಿನ ವಿಷಯಕ್ಕೆ ಇಳಿದರು. ನಾನಿ ಮಾತಿನ ನಡುವೆಯೇ ಗೋಡೆ, ಬಾಗಿಲು, ಕಿಟಕಿ ಎಲ್ಲವನ್ನೂ ತಡಕಾಡುವ ಹಾಗೆ ನೋಡುತ್ತಿದ್ದಳು. ಏನೂ ಬರಲಿಲ್ಲ. ಹೊಸ ಮನೆ, ಹೊಸ ಟೈಲ್ಸು. ಅವಳ ಮುಖ ಇಳಿಯುತ್ತಿದ್ದದ್ದು ನನಗೆ ಕಂಡಿತು. ಅಷ್ಟರಲ್ಲಿ ಚಹಾ ಬಂತು, ಒಂದು ಬಟ್ಟಲಲ್ಲಿ ಸಕ್ಕರೆಯೂ ಬಂತು. ನಾನಿ ಚಮಚಕ್ಕೆ ಕೈ ಹಾಕಿದಳು. ಆಕೆ ಬಟ್ಟಲನ್ನು ಸರಕ್ಕನೆ ತಮ್ಮ ಕಡೆ ಎಳೆದುಕೊಂಡರು.

"ಕೊಡುದಿಲ್ಲೆ. ಶುಗರ್ ಇತ್ತ್ ಅಂದೇಳಿ ಈಗ ತಾನೆ ಹೇಳಿರಿ. ಹಾಂಗೇ ಕುಡೀನಿ."

ನಾನಿಯ ಕೈ ಗಾಳಿಯಲ್ಲೇ ನಿಂತಿತು. "ಮಾನಿಅ್!" ಎಂದು ಕೂಗಿದಳು. "ಅಲ್-ಮಾನಿಅ್! ಮಗಾ, ಸಿಕ್ತ್!"

ಆಕೆ ಗಾಬರಿಯಿಂದ ನನ್ನ ಮುಖ ನೋಡಿದರು. ತಡೆಯುವವನು, ಕೊಡದೆ ಹಿಡಿಯುವವನು ಎಂದು ಅದರ ಅರ್ಥ. ಅದನ್ನು ಆಕೆಗೆ ಹೇಗೆ ವಿವರಿಸುವುದೋ ನನಗೆ ತಿಳಿಯಲಿಲ್ಲ. ಏಳು ನಿಮಿಷ ಮಾತಾಡಬಲ್ಲವಳು ಬಿಸ್ಕತ್ತು ಬಾಯಿಗೆ ಹಾಕಿಕೊಂಡೆ. ನಾನಿ ಸಕ್ಕರೆಯಿಲ್ಲದ ಚಹಾವನ್ನು ಒಂದೇ ಉಸಿರಿಗೆ ಕುಡಿದಳು.

ವಾಪಸ್ ಬಸ್ಸಿನಲ್ಲಿ ತಾನಾಗಿ ಬಾಯಿಬಿಟ್ಟಳು. "ಜುಗ್ಗಿ ಅಂದೇಳಿ ಸಿಟ್ಟಲ್ಲ್ ಆ ಹೆಸ್ರನ್ನ ಅವಳ ಮನಿಗ್ ಇಟ್ಟದ್ದ್. ತಪ್ಪ್ ಮಾಡ್ದೆ. ಕೊಡದಿಪ್ಪುದ್ ಅಂದ್ರೆ ಜುಗ್ಗತನ ಒಂದೇ ಅಲ್ಲ. ಕಾಣ್, ನಂಗ್ ಹಾಳಾಪುದನ್ನ ತಡೆವುದೂ ಅದೇ."

ನನ್ನ ಚಾಳಿ ಬಿಡಲಿಲ್ಲ. "ಹಸಿದವನಿಗೆ ಅನ್ನ ಸಿಗದೆ ಇರುವುದೂ ಹಾಗೇ ಅಂತೀಯಾ?"

"ಅದನ್ನ ಮೌಲಾನಾ ಹತ್ರ ಕೇಳ್. ನಾನೀಗ ಎಣಿಸ್ತಾ ಇದ್ದೆ, ಮಧ್ಯ ಬಾಯ್ ಹಾಕ್ಬೇಡ."

ಕೋಟೇಶ್ವರ ದಾಟುವಾಗ ತೊಂಬತ್ತೊಂಬತ್ತು ಮುಗಿಯಿತು. ಕೊನೆಯದು ಸಬೂರ್. ಬೆರಳು ಮಡಚಿಕೊಂಡೇ ನನ್ನ ಕಡೆ ತಿರುಗಿದಳು.

"ನಿನ್ನ ಫೋನಿನ ಪಟ್ಟಿಲಿ ನನ್ ಲೆಕ್ಕದಲ್ ಇಲ್ದಿದ್ದದ್ದ್ ಇತ್ತಲ್ಲ. ಒಂದ್ ಹೇಳ್."

ಹುಡುಕಿ ಹೇಳಿದೆ: "ಅಶ್-ಶಾಫಿ. ಗುಣ ಮಾಡುವವನು."

ಮಂಡಿ ಸವರಿಕೊಳ್ಳುತ್ತಾ ಎರಡು ಮೂರು ಸಲ ಹೇಳಿ ನೋಡಿದಳು.

"ಇದನ್ನ್ ಯಾವ ಮನೆಗೆ ಇಡ್ತಿ ನಾನಿ?"

"ಮನಿ ಬೇಡ. ರಸ್ತೆಗ್ ಅಂದೇಳಿ ಮನಿ ಕೆಡುಗ್ತ್ರ್. ನಿನ್ನ ಹತ್ರ ಇಡ್ತೆ. ನಂಗ್ ಮರ್ತ್ ಹೋರೆ ನೀನೇ ಹೇಳ್ಕ್."

"ನಾನು ನಂಬುವವಳೇ ಅಲ್ಲವಲ್ಲ ನಾನಿ."

"ನಂಬ್ ಅಂದೇಳಿ ಯಾರ್ ಹೇಳಿರ್? ಮರೀಬೇಡ ಅಂದದ್ದ್."

ಈಗ ನಾನು ಕೆಲಸಕ್ಕೆಂದು ಮಂಗಳೂರಿನಲ್ಲಿದ್ದೇನೆ. ಶುಕ್ರವಾರ ಬೆಳಿಗ್ಗೆ ತಪ್ಪದೆ ಫೋನ್ ಬರುತ್ತದೆ. ಸಲಾಮು, ಊಟ ತಿಂಡಿ ವಿಚಾರಣೆ ಏನೂ ಇಲ್ಲ. "ಅದ್ ಯಾವ್ದ್?" ಎಂದಷ್ಟೇ ಕೇಳುತ್ತಾಳೆ. ಅವಳಿಗೆ ನೆನಪಿದೆ ಎಂದು ನನಗೆ ಗೊತ್ತು. ಆದರೂ ಹೇಳುತ್ತೇನೆ.