ಕಾಕಾನ ಮೋಟಾರಿನ ಪಟ್ಟಾ

ನಮ್ಮ ಕಾಕಾನಷ್ಟು ಚಲೋ ಮೋಟಾರು ರಿಪೇರಿ ಮಾಡುವವರು ಇಳಕಲ್ಲಿನಲ್ಲಿ ಇರಲಿಲ್ಲವಂತೆ. ಹಾಗೆಂದು ಹೇಳುವವರು ಈಗಲೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಆ ಮೋಟಾರಿನಲ್ಲಿ ಕುಳಿತವರಲ್ಲ. ಕುಳಿತವಳು ನಾನು, ಇಳಿದು ನೂಕಿದವಳೂ ನಾನೇ. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗಿದೆ.

ಅದು ನಾಲ್ಕನೆಯ ಕೈಗೆ ಬಂದ ಮೋಟಾರು. ಬೆಳಗಾವಿ ಕಡೆಯ ಯಾವನೋ ಸಾಹೇಬ ತಿರುಗಾಡಿ ಬಿಟ್ಟದ್ದನ್ನು ಒಬ್ಬ ವಕೀಲ ಕೊಂಡ. ವಕೀಲ ಬಿಟ್ಟದ್ದನ್ನು ಒಬ್ಬ ಅರಳೆ ವ್ಯಾಪಾರಿ ಕೊಂಡ. ಅವನೂ ಕೈಮುಗಿದು ಬಿಟ್ಟದ್ದನ್ನು ಸೀರೆ ವ್ಯಾಪಾರದ ನಮ್ಮ ಕಾಕಾ ಹಾರ ಹಾಕಿ ಮನೆಗೆ ತಂದ. ಮೈಲಿ ತೋರಿಸುವ ಮುಳ್ಳು ಎಂದೋ ಸತ್ತಿತ್ತು. ಎಷ್ಟು ಓಡಿದೆ ಎಂದು ಯಾರಾದರೂ ಕೇಳಿದರೆ ಕಾಕಾ, “ಕಾಶಿಗೆ ಹತ್ತ ಸಲ ಹೋಗಿ ಬಂದಷ್ಟು” ಎನ್ನುತ್ತಿದ್ದ, ಅದೇನೋ ದೊಡ್ಡ ಪುಣ್ಯದ ಮಾತೆಂಬಂತೆ.

ಇಂಜಿನ್ನಿನ ಮುಂದೆ ಗಾಳಿ ಬೀಸುವ ಒಂದು ಪಂಕವಿತ್ತು. ಅದು ತಿರುಗಿದರೆ ಒಳಗಿನ ನೀರು ತಣ್ಣಗಿರುತ್ತದೆ, ನಿಂತರೆ ಕುದಿಯುತ್ತದೆ. ಕೆಳಗೊಂದು ರಾಟೆ, ಮೇಲೆ ಪಂಕಕ್ಕೊಂದು ರಾಟೆ, ಎರಡನ್ನೂ ಬಳಸಿ ಎರಡು ಬೆರಳಗಲದ ತೊಗಲಿನ ಪಟ್ಟಾ. ಇಷ್ಟೇ. ಬಾವಿಯ ರಾಟೆ ಕಂಡ ಯಾರಿಗಾದರೂ ತಿಳಿಯುವಂಥದು, ಕಾಕಾನೊಬ್ಬನನ್ನು ಬಿಟ್ಟು. ಪಟ್ಟಾ ಒಣಗಿದೆ, ಮೆತ್ತಗಾಗಲಿ ಎಂದು ಈ ಜಾಣ ಅದಕ್ಕೆ ಕುಸುಬಿ ಎಣ್ಣೆ ಸವರಿದ. ಪಟ್ಟಾ ಜಾರತೊಡಗಿತು. ಜಾರಬಾರದೆಂದು ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ, ಆ ತಗಡನ್ನು ಮೇಲಿನ ರಾಟೆಗೆ ಸುತ್ತಿ ದಪ್ಪ ಮಾಡಿದ. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುವವರು ನಮ್ಮ ಓಣಿಯ ಆಚೆಗೇ ಇದ್ದರು. ಅವರನ್ನು ಒಂದು ಮಾತು ಕೇಳು ಎಂದರೆ ಕಾಕಾನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. “ಮೋಟಾರಂದ್ರ ಏನಂತ ತಿಳಕೊಂಡೀರಿ? ಅದಕ್ಕ ತಲಿ ಬೇಕು, ತಲಿ!” ಎನ್ನುತ್ತಿದ್ದ. ತಲೆಯೇನೋ ಇತ್ತು, ರುಮಾಲು ಸುತ್ತಲು.

ನನ್ನ ಅಪ್ಪ ತೀರಿಕೊಂಡಿದ್ದ. ನಾನೂ ಅವ್ವನೂ ಕಾಕಾನ ಮನೆಯಲ್ಲಿದ್ದೆವು. ಅವ್ವ ಅವನ ಮಗ್ಗಗಳಲ್ಲಿ ಕೊಂಡಿ ಹಾಕುವ ಕೆಲಸ ಮಾಡುತ್ತಿದ್ದಳು. ನಮ್ಮೂರ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಸಿ ಕೂಡಿಸಬೇಕು. ಗಂಟು ಕಣ್ಣಿಗೂ ಕಾಣಬಾರದು, ಕೈಗೂ ಹತ್ತಬಾರದು. ಅವ್ವ ಮಾಡಿದ ಕೂಡನ್ನು ಎಳೆದು ಹರಿದವರಿಲ್ಲ.

ಆ ವರ್ಷ ನಾನು ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆಗೆ ಕೂಡಬೇಕಿತ್ತು. ಪಾಸಾದರೆ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವ ಕೆಲಸ, ಇಲ್ಲದಿದ್ದರೆ ಬಾದಾಮಿ ಕಡೆಯ ಒಬ್ಬ ಎರಡನೆಯ ಸಂಬಂಧದವನ ಜತೆ ಮದುವೆ. ಕಾಕಾ ಅವನಿಗೆ ಅರ್ಧ ಮಾತು ಕೊಟ್ಟಾಗಿತ್ತು. ಪರೀಕ್ಷೆ ಬಾಗಲಕೋಟೆಯಲ್ಲಿ, ಎರಡು ದಿನ; ರಾತ್ರಿ ಅಲ್ಲಿಯ ಧರ್ಮಶಾಲೆಯಲ್ಲಿ ಉಳಿಯಬೇಕು. ಹಿಂದಿನ ದಿನವೇ ಸರ್ವಿಸ್ ಮೋಟಾರಿನಲ್ಲಿ ಹೋಗುತ್ತೇವೆ ಎಂದು ಅವ್ವ ಬಾಗಿಲ ಮರೆಯಿಂದ ಹೇಳಿದಳು. ಕಾಕಾ ಹಾರಿಬಿದ್ದ.

“ಮನ್ಯಾಗ ಮೋಟಾರ್ ಇಟಗೊಂಡು ಮಂದಿ ಮೋಟಾರಿನ್ಯಾಗ ಹೋಗ್ತೀರೇನು ವೈನಿ? ನನ್ನ ಮಾನ ಕಳೀತೀರೇನು? ಪರೀಕ್ಷಾ ಹನ್ನೊಂದಕ್ಕ ಐತಿ. ಅವತ್ತ ನಸಿಕಿನ್ಯಾಗ ಬಿಟ್ರ ಒಂಬತ್ತಕ್ಕ ಬಾಗಲಕೋಟಿ.”

ಹುನಗುಂದ ದಾಟುವವರೆಗೆ ಅವನ ಮಾತು ಖರೆಯಾಗಿಯೇ ಇತ್ತು. ಹುನಗುಂದ ದಾಟಿ ಎರಡು ಹರದಾರಿ ಹೋಗಿರಲಿಕ್ಕಿಲ್ಲ, ಫಟ್ ಎಂದಿತು. ಪಟ್ಟಾ ಹರಿದು ರಸ್ತೆಗೆ ಬಿತ್ತು, ಮುಂದಿನಿಂದ ಹಬೆ ಎದ್ದಿತು. ಕಾಕಾ ನಗುತ್ತಲೇ ಇಳಿದ. ಹರಿದ ತುದಿಗಳಿಗೆ ದಬ್ಬಳದಿಂದ ತೂತು ಹೊಡೆದು ತಾಮ್ರದ ತಂತಿಯಿಂದ ಹೊಲಿದ. ಆ ಕೂಡು ಬೋರೆಹಣ್ಣಿನಷ್ಟು ಉಬ್ಬಿತ್ತು. ರಾಟೆಯ ಮೇಲೆ ಬಂದಾಗಲೆಲ್ಲ ಟಕ್ ಟಕ್ ಎಂದು ಬಡಿದು ಎರಡು ಫರ್ಲಾಂಗಿನಲ್ಲಿ ಮತ್ತೆ ಹರಿಯಿತು. ಮತ್ತೆ ಹೊಲಿದ. ಮತ್ತೆ ಹರಿಯಿತು. ಮೂರನೆಯ ಸಲವೂ ಹೊಲಿದ, ಹರಿಯಿತು. ನಾಲ್ಕನೆಯ ಸಲಕ್ಕೆ ಹೊಲಿಯಲು ತೊಗಲೇ ಉಳಿಯಲಿಲ್ಲ.

ಬಿಸಿಲು ಏರುತ್ತಿತ್ತು. ನನಗೆ ಅಳು ಉಕ್ಕಿ ಬರುತ್ತಿತ್ತು. ಅತ್ತರೆ ಕಾಕಾನಿಗೆ ನಾನು ಸೋತಂತೆ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಒಂಬತ್ತು ಹೊಡೆದಿರಬೇಕು. “ಎಲ್ಲಾ ಈ ತೊಗಲಿನ ದೋಷ” ಎಂದು ಕಾಕಾ ಕೊಡ ಹಿಡಿದು ನೀರು ತರಲು ದೂರದ ಹೊಲದ ಬಾವಿಗೆ ಹೋದ. ತನ್ನ ದೋಷ ಎಂಬ ಶಬ್ದ ಅವನ ಬಾಯಲ್ಲಿ ಎಂದೂ ಹುಟ್ಟಲಿಲ್ಲ.

ಅವನು ಮರೆಯಾದದ್ದೇ ತಡ, ಅವ್ವ ಸೆರಗು ಸಿಕ್ಕಿಸಿಕೊಂಡು ಮೋಟಾರಿನ ಮೂತಿಯೊಳಗೆ ಕೈ ಹಾಕಿದಳು. ರಾಟೆಯ ಸುತ್ತ ಬೆರಳಾಡಿಸಿದಳು.

“ಇಲ್ಲಿ ನೋಡಬೇ” ಎಂದು ನನ್ನನ್ನು ಕರೆದಳು. “ಎಳಿ ಒಂದ ಜಾಗಾದಾಗ ಮತ್ತ ಮತ್ತ ಹರದ್ರ, ತಪ್ಪು ಎಳೀದಲ್ಲ. ಅಲ್ಲಿ ಏನರೆ ಹರಿತ ಇರ್ತೈತಿ. ಈ ತಗಡಿನ ಅಂಚ ಕೊಯ್ಯಾಕ ಹತ್ತೈತಿ.”

ಕಾಕಾ ಸುತ್ತಿದ ತಗಡು! ತಾನೇ ಬ್ಲೇಡು ಕಟ್ಟಿ, ತಾನೇ ಹೊಲಿದು, ತೊಗಲಿಗೆ ಬೈದುಕೊಂಡು ನೀರಿಗೆ ಹೋದ ಪಂಡಿತ! ನಾವಿಬ್ಬರೂ ಸೇರಿ ಆ ತಗಡನ್ನು ಕಿತ್ತು ಹೊಲಕ್ಕೆ ಒಗೆದೆವು. ಅವ್ವನ ಬೆರಳು ಎರಡು ಕಡೆ ಕೊಯ್ದು ರಕ್ತ ಬಂತು. ಅದನ್ನು ಲೆಕ್ಕಿಸದೆ, ನಮ್ಮ ಹಾಸಿಗೆ ಸುತ್ತಿ ಕಟ್ಟಿದ್ದ ಮಂಚದ ನವಾರು ಬಿಚ್ಚಿದಳು. ಮಂಚಕ್ಕೆ ಹೆಣೆಯುವ, ದಪ್ಪ ನೂಲಿನ ಗಟ್ಟಿ ಪಟ್ಟಿ. ಅದನ್ನು ಎರಡು ಪದರ ಮಾಡಿ, ಅಳತೆಗೆ ಕತ್ತರಿಸಿ, ತುದಿಗಳ ಎಳೆ ಬಿಡಿಸಿ, ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕುತ್ತ ಕುಳಿತಳು. ನಾನು ಎಳೆ ಹಿಡಿದು ಕೊಡುತ್ತಿದ್ದೆ. ಮೇಲೊಂದು ಸೂಜಿಯ ಹೊಲಿಗೆ ಬಿದ್ದಾಗ ಕೂಡು ಎಲ್ಲಿದೆ ಎಂದು ನನ್ನ ಬೆರಳಿಗೂ ತಿಳಿಯಲಿಲ್ಲ.

ಕಾಕಾ ಕೊಡ ಹೊತ್ತು ಬಂದವನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಇದೇನು ಸೀರಿ ಸೆರಗೇನ್ರಿ ವೈನಿ?” ಎಂದ. ನಕ್ಕು ಮುಗಿಸಿ, ಬೇರೆ ದಾರಿ ಕಾಣದೆ, ಪಟ್ಟಾ ಏರಿಸಿದ. ಪಂಕ ತಿರುಗಿತು. ಟಕ್ ಎನ್ನಲಿಲ್ಲ, ಜಾರಲಿಲ್ಲ, ಹರಿಯಲಿಲ್ಲ. ಅಮೀನಗಡ ಬಂತು, ಹೋಯಿತು.

ಬಾಗಲಕೋಟೆಯ ಸಾಲಿಯ ಮುಂದೆ ನಿಂತಾಗ ಹನ್ನೊಂದೂವರೆ ದಾಟಿತ್ತು. ಬಾಗಿಲಲ್ಲಿ ಹಿರಿಯ ಮಾಸ್ತರರೊಬ್ಬರು ಕೈ ಅಡ್ಡ ಹಿಡಿದರು. ಪುಣ್ಯಾತ್ಮರು, ಕೆಟ್ಟವರಲ್ಲ. “ಮೈಗಳ್ಳತನದಿಂದ ಹೊತ್ತು ಮಾಡಿದವರನ್ನ ಬಿಡಂಗಿಲ್ಲ. ದಾರ್‍ಯಾಗ ಏನರೆ ತ್ರಾಸ ಆಗಿದ್ರ ಹೇಳ್ರಿ, ಬಿಡ್ತೇನಿ” ಎಂದರು. ಮೋಟಾರು ಕೆಟ್ಟಿತ್ತು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಸಾಲಿಯ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಕುಳಿತು ಮೋಟಾರನ್ನೇ ನೋಡುತ್ತಿದ್ದರು. ಕಾಕಾ ಅವರ ಕಡೆ ನೋಡಿದ, ರುಮಾಲು ಸರಿಮಾಡಿಕೊಂಡ.

“ದಾರ್‍ಯಾಗ ಏನಾಗ್ತೈತ್ರಿ? ನನ್ನ ಮೋಟಾರ್ ಎಂದೂ ಕೆಡೂದಿಲ್ಲ. ಈ ಹುಡುಗೀನ ಹೊತ್ತಾಗಿ ಎದ್ಲು.”

ಆಗ ಅವ್ವ ಮುಂದೆ ಬಂದಳು. ಗಂಡಸರ ಎದುರು ಅವಳು ದನಿ ಎತ್ತಿದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ.

“ಸುಳ್ಳ್ರಿ ಮಾಸ್ತರ. ಹುಡುಗಿ ಕೋಳಿ ಕೂಗೂಕಿಂತ ಮೊದಲ ಎದ್ದಾಳ. ಕೆಟ್ಟಿದ್ದು ಮೋಟಾರು. ಇವ್ರು ಮೂರ ಸಲ ಹೊಲದ್ರು, ಮೂರ ಸಲ ಹರೀತು. ನಾಕನೇದ್ದು ನಾ ಕೂಡಿಸೇನಿ. ನೋಡ್ರಿ ನನ್ನ ಕೈ.”

ಮಾಸ್ತರರು ಅವಳ ಬೆರಳು ನೋಡಿದರು, ಕಾಕಾನ ಮುಖ ನೋಡಿದರು, ಆಮೇಲೆ ನನ್ನನ್ನು ಕೇಳಿದರು. “ನೀ ಹೇಳವಾ. ಯಾರ ಮಾತು ಖರೆ?”

ಅನ್ನ ಕಾಕಾನದು, ಸೂರು ಕಾಕಾನದು. “ಅವ್ವ ಹೇಳಿದ್ದು ಖರೇರಿ” ಎಂದೆ.

“ಹೋಗು, ಕುಂದ್ರು” ಎಂದು ಅವರು ದಾರಿ ಬಿಟ್ಟರು.

ಆ ಪರೀಕ್ಷೆ ನಾನು ಪಾಸಾದೆ. ಬಾದಾಮಿಯವನಿಗೆ ಬೇರೆ ಯಾರೋ ಸಿಕ್ಕಳು, ಪಾಪ. ಕಾಕಾನ ಮೋಟಾರಿನಿಂದ ಈ ಹುಡುಗಿ ಮಾಸ್ತರಬಾಯಿ ಆದಳು ಎಂದು ಊರಲ್ಲಿ ಹೇಳಿಕೊಂಡು ತಿರುಗಿದವನೂ ಕಾಕಾನೇ. ಅದೆಲ್ಲ ಆಮೇಲಿನ ಮಾತು.

ಅಂದು ಸಂಜೆ ನಾನು ಹೊರಗೆ ಬಂದಾಗ ಅವ್ವ ಬೇವಿನ ಗಿಡದ ಕೆಳಗೆ ಹಾಸಿಗೆಯ ಗಂಟಿನ ಮೇಲೆ ಒಬ್ಬಳೇ ಕುಳಿತಿದ್ದಳು. ಮೋಟಾರು ಇರಲಿಲ್ಲ.

“ಕಾಕಾ ಎಲ್ಲೆ?”

“ಹೋದ್ರು. ಇನ್ನ ಮನಿಗೆ ಬರಬ್ಯಾಡ್ರಿ ಅಂದ್ರು.”

ನನಗೆ ತಡೆಯಲಾಗಲಿಲ್ಲ, ಕೂಗಿಯೇಬಿಟ್ಟೆ. “ನೀ ಕೂಡಿಸಿದ ಪಟ್ಟಾದ ಮ್ಯಾಲೇ ಹೋದನಲ್ಲಬೇ, ನಾಚಿಕಿಗೇಡಿ!”

ಅವ್ವ ನನ್ನ ಮುಖ ಒರೆಸಿದಳು. ಗಂಟು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.

“ಹೋಗವಲ್ಲನ್ಯಾಕ ಬಿಡು” ಎಂದಳು. “ನಾಳಿ ಪರೀಕ್ಷಾಕ್ಕ ಧರ್ಮಶಾಲಿಯಿಂದ ನಾವು ನಡಕೊಂತ ಬರೂಣು. ಹೊತ್ತಿಗೆ ಮುಟ್ಟತೇವಿ.”