ಫಸ್ಟ್ ಡೌನ್ ಎಂಬ ವಿಕೆಟ್ಟು

ನನ್ನ ಡೈರಿಯ ಪ್ರತಿ ಪುಟಕ್ಕೂ ಉದ್ದಕ್ಕೆ ಒಂದು ಗೆರೆ ಎಳೆದಿದ್ದೇನೆ. ಎಡಕ್ಕೆ ದಿನಚರಿ, ಬಲಕ್ಕೆ ಅದರ ಎಣಿಕೆ. ಕುಡಿದ ಚಹಾ, ತಪ್ಪಿದ ಬಸ್ಸು, ಊರಿನಿಂದ ಬಂದ ಪತ್ರ, ಎಲ್ಲಕ್ಕೂ ಗೀಟುಗಳುಂಟು. ಎಣಿಸಿಟ್ಟದ್ದು ಕೈಜಾರುವುದಿಲ್ಲವೆಂಬ ಭ್ರಮೆ ನನಗೆ, ನಿಮಗೂ ಇದ್ದೀತು.

ಈ ಗೀಟುಗಳನ್ನು ಕಂಡೇ, ಕೊಲ್ಲಿ ದೇಶದ ಅಲ್ ಕೂಜ್‌ನ ನಮ್ಮ ಗೋದಾಮಿನ ಮ್ಯಾನೇಜರ್ ಡೇನಿಯಲ್ 1998ರ ಚಳಿಗಾಲದಲ್ಲಿ ಒಂದು ಚೀಲ ವಿಡಿಯೊ ಕ್ಯಾಸೆಟ್ಟುಗಳನ್ನು ನನಗೊಪ್ಪಿಸಿದರು. ಅಮೆರಿಕದ ಅವರ ಗಿರಣಿಯೂರಿಗೆ ಒಂದು ಫುಟ್‌ಬಾಲ್ ತಂಡವಿತ್ತಂತೆ. ಕಾಲಿಗಿಂತ ಕೈಯನ್ನೇ ಹೆಚ್ಚು ನಂಬುವ ಆ ದೇಶದ ಫುಟ್‌ಬಾಲು. ಅವರು ಹುಡುಗರಾಗಿದ್ದಾಗ ಮಾಲೀಕ ಆ ತಂಡವನ್ನು ಹೆಸರು, ಅಂಗಿ, ಆಟಗಾರರ ಸಮೇತ ಬೇರೊಂದು ನಗರಕ್ಕೆ ಸಾಗಿಸಿಬಿಟ್ಟ, ನಮ್ಮ ವೀಸಾ ವರ್ಗವಾದಷ್ಟು ಸಲೀಸಾಗಿ. ತಂಡ ಅಲ್ಲಿ ಗೆದ್ದು ಬೆಳೆಯಿತು; ಡೇನಿಯಲ್ಲರ ತಂದೆ ಮಾತ್ರ ಅಂದಿನಿಂದ ಅದರ ಹೆಸರೆತ್ತಿಲ್ಲ. ತಂದೆಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ತಂಡದ ಚರಿತ್ರೆಯ ಪುಸ್ತಿಕೆಯೊಂದನ್ನು ಕಳಿಸಿ ಆ ಮುನಿಸನ್ನು ಕರಗಿಸುವುದು ಮಗನ ಆಸೆ. ತಾವು ಒಂದು ತಿಂಗಳ ಕೆಲಸಕ್ಕೆ ದೂರದ ಮರಳುಗಾಡಿನೂರು ಮದೀನತ್ ಜಾಯೆದ್‌ಗೆ ಹೊರಟಿದ್ದರಿಂದ, ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಭಾರ ನನ್ನ ಮೇಲೆ ಬಿತ್ತು.

ದಿನವೂ ಸಂಜೆ, ಹೊಸ ನಗರದಲ್ಲಿ ಆ ತಂಡ ಆಡಿದ ಪಂದ್ಯಗಳ ಕ್ಯಾಸೆಟ್ ಹಾಕುತ್ತಿದ್ದೆ. ಜೊತೆಗೆ ಮಂಗಳೂರಿನವಳಾದ ನನ್ನ ರೂಮ್‌ಮೇಟ್ ಲವೀನಾ. "ಎಂತದು ಮಾರಾಯ್ತಿ, ಬಸ್ಸಲ್ಲಿ ಕಳ್ಳ ಸಿಕ್ಕಿದ ಹಾಗೆ ಎಲ್ರೂ ಒಬ್ಬನ ಮೇಲೇ ಬೀಳ್ತಾರಲ್ಲ!"

ಹಾಗೆ ಬಿದ್ದು ಎದ್ದಾಗ ಎಷ್ಟೋ ಸಲ ವೀಕ್ಷಕ ವಿವರಣೆಯವನು "ಫಸ್ಟ್ ಡೌನ್!" ಎಂದು ಕೂಗುತ್ತಿದ್ದ. ಮೈಸೂರಿನ ನಮ್ಮ ಓಣಿಯ ಕ್ರಿಕೆಟ್ಟಿನಲ್ಲಿ ಮೊದಲ ವಿಕೆಟ್ ಬಿದ್ದೊಡನೆ "ನಾನು ಫಸ್ಟ್ ಡೌನ್" ಎಂದು ನನ್ನಣ್ಣ ಬ್ಯಾಟು ಕಸಿದುಕೊಳ್ಳುತ್ತಿದ್ದುದು ನೆನಪಿತ್ತು. ಇನ್ನೇನು ಅನುಮಾನ? ಪ್ರತಿ ಕೂಗಿಗೂ ಪುಸ್ತಿಕೆಯ ನಷ್ಟದ ಸಾಲಿನಲ್ಲಿ ಒಂದು ಗೀಟು, ಅದರ ಕೆಳಗೆ "ಇಂದೂ ಇಪ್ಪತ್ತು ಆಘಾತಗಳು, ಆದರೂ ಎದೆಗುಂದಲಿಲ್ಲ" ಎಂಬಂಥ ಸಾಂತ್ವನ. ಪದೇ ಪದೇ ಮೊದಲನೆಯದೇ ಏಕೆ ಬೀಳುತ್ತದೆಂದು ತಿಳಿಯದಿದ್ದರೂ, ಅವರ ದೇಶದ ಎಣಿಕೆ ಹಾಗಿದ್ದೀತೆಂದು ಸುಮ್ಮನಾದೆ.

ಡೇನಿಯಲ್ ಹಿಂತಿರುಗಿದ ದಿನವೇ ಪುಸ್ತಿಕೆಯನ್ನು ಒಯ್ಯಬೇಕಿದ್ದ ಅವರ ಸ್ನೇಹಿತರ ವಿಮಾನ. ಪುಟ ತಿರುವಿದವರು ನಕ್ಕು ನಕ್ಕು ಕೆಂಪಾದರು.

"ಫಸ್ಟ್ ಡೌನ್ ಅಂದರೆ ಬಿದ್ದದ್ದಲ್ಲ ತಾಯಿ! ಹತ್ತು ಗಜ ಮುಂದೆ ಹೋದರೆ ಸಿಗುವ ಹೊಸ ಅವಕಾಶ. ನೀನು ನಮ್ಮ ಪ್ರತಿ ಮುನ್ನಡೆಗೂ ಸಂತಾಪ ಸೂಚಿಸಿದ್ದೀಯ!"

"ಒಂದು ವಾರ ಕೊಡಿ ಸಾರ್, ತಿದ್ದುತ್ತೇನೆ."

"ಸಮಯ ಖಲಾಸ್. ಹೀಗೇ ಹೋಗಲಿ. ಅಪ್ಪ ಓದಿದರೆ ತಾನೆ?"

ನಾಚಿಕೆಯಿಂದ ಆ ವಾರ ಡೈರಿಯನ್ನೇ ಮುಟ್ಟಲಿಲ್ಲ. ಅಷ್ಟರಲ್ಲಿ ಅಮ್ಮನ ಪತ್ರ ಬಂತು: "ಬಡ್ತಿ ಸಿಕ್ಕಿತಂತೆ, ಸಂತೋಷ. ಹಾಗಾದರೆ ಈ ಬೇಸಗೆಗೂ ಬರೋಲ್ವಾ?" ನಾನು ಲಾಭವೆಂದು ಗೀಟು ಹಾಕಿದ ಬಡ್ತಿಯನ್ನು ಅಮ್ಮ ಯಾವ ಸಾಲಿನಲ್ಲಿ ಬರೆದುಕೊಂಡಿರಬಹುದು? ಮುನ್ನಡೆಯುವವರಿಗೆ ಹತ್ತು ಗಜವೆನಿಸಿದ್ದು, ಬಿಟ್ಟುಬಂದವರಿಗೂ ಹತ್ತೇ ಗಜ, ಕೂಡುವ, ಕಳೆಯುವ ಚಿಹ್ನೆಯಷ್ಟೇ ಬೇರೆ.

ಮುಂದಿನ ಶನಿವಾರ ಡೇನಿಯಲ್ ನನ್ನ ಮೇಜಿನ ಬಳಿ ಬಂದು ನಿಂತರು.

"ಅಪ್ಪ ಫೋನ್ ಮಾಡಿದ್ದರು. ಎರಡು ಸಲ ಓದಿದರಂತೆ. ತಂಡದ ಹೆಸರು ಹಿಡಿದು ಬೈದರು. ಅವರ ಬಾಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು!"

"ತಪ್ಪು ಹಿಡಿದರಾ ಸಾರ್?"

"ಇಲ್ಲ. ಕೊನೆಗೂ ಯಾರೋ ಒಬ್ಬರು ಸರಿಯಾಗಿ ಲೆಕ್ಕ ಇಟ್ಟಿದ್ದಾರೆ ಅಂದರು."