ಮೂರು ಹೆಜ್ಜೆ ಮೇಡಂ
ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಆಕೆಯನ್ನು ಎಲ್ಲರೂ ‘ಮೂರು ಹೆಜ್ಜೆ ಮೇಡಂ’ ಎಂದೇ ಕರೆಯುತ್ತಾರೆ. ಅಧ್ಯಾಪಕರು ತಮ್ಮ ವೆಬ್‌ಸೈಟನ್ನು ತಾವೇ ಕಟ್ಟಿಕೊಳ್ಳಲಿ ಎಂದು, ಹನ್ನೊಂದು ಹೆಜ್ಜೆಗಳಿದ್ದ ದಾರಿಯನ್ನು ಸವೆಸಿ ಸವೆಸಿ ಮೂರಕ್ಕೆ ಇಳಿಸಿದವರು ಆಕೆ. ಹೆಸರು ಬರೆಯಿರಿ, ಫೋಟೊ ಹಾಕಿ, ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯಿರಿ, ಅಷ್ಟೆ. ಆದರೂ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಗ್ರಹಗಳ ತೂಕ ಬಲ್ಲ ಪ್ರೊಫೆಸರು, “ಪಾಸ್‌ವರ್ಡ್ ಮರ್ತೋಯ್ತಮ್ಮ, ನೀವೇ ಮಾಡ್ಬಿಡಿ” ಎನ್ನುತ್ತಾರೆ. “ಮೂರೇ ಹೆಜ್ಜೆ ಸರ್” ಎಂದು ಆಕೆ ಗೋಗರೆಯುತ್ತಾರೆ. ಬೋರ್ಗಲ್ಲ ಮೇಲೆ ಮಳೆ ಸುರಿದಂತೆ. ಪ್ರತಿ ಸೋಮವಾರ ‘ಮುಂದೆ’ ಎನ್ನುವ ಬಟನ್ನನ್ನು ಇನ್ನಷ್ಟು ದೊಡ್ಡದು ಮಾಡುತ್ತಾರೆ. ಈಗ ಅದು ಅರ್ಧ ಪರದೆಯನ್ನೇ ನುಂಗಿದೆ. ನಾನೂರು ಮಂದಿಯಲ್ಲಿ ಮೂರನ್ನೂ ಮುಗಿಸಿದವರು ಒಬ್ಬರೂ ಇಲ್ಲ. ಮೊನ್ನೆ, ತೀರಿಕೊಂಡ ಗಣಿತದ ಮೇಷ್ಟ್ರ ಹೆಂಡತಿ ಬಂದು, “ಅವ್ರ ಪುಟ ಒಂದ್ಸಲ ತೋರ್ಸಮ್ಮ” ಎಂದರು. ಪುಟದಲ್ಲಿ ಹೆಸರಿತ್ತು, ಫೋಟೊ ಇರಲಿಲ್ಲ. ಕೆಳಗೆ, ಮಾದರಿಗೆಂದು ಮೇಡಂ ಬರೆದಿಟ್ಟಿದ್ದ ಸಾಲು ಹಾಗೇ ಉಳಿದಿತ್ತು: ‘ನಮಸ್ಕಾರ, ನೀವು ಬಂದದ್ದು ಸಂತೋಷ.’ ಮೇಷ್ಟ್ರ ಹೆಂಡತಿ ಅದನ್ನು ಎರಡು ಸಲ ಓದಿ, ಪರದೆಯನ್ನು ಬೆರಳಿನಿಂದ ಮುಟ್ಟಿ, “ಮನೇಲಿ ಒಂದಿನಾನೂ ಹೀಗೆ ಮಾತಾಡ್ಲಿಲ್ಲ. ಇದು ಅವ್ರೇ ಬರ್ದಿದ್ದಾ?” ಎಂದು ಕೇಳಿದರು. ಮೇಡಂ ಹೌದೆಂದು ತಲೆಯಾಡಿಸಿದರು.